ಉಸಿರು ತಡೆದ ಎರಡು ಸೆಕೆಂಡು

ದಾವಣಗೆರೆಯ ಆಸ್ಪತ್ರೆಯೊಂದರ ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಳ್ಳುವುದು ನನ್ನ ಕೆಲಸ. ರೋಗಿಯ ಶ್ವಾಸಕೋಶ ಎಷ್ಟು ಸುಲಭವಾಗಿ ಹಿಗ್ಗುತ್ತದೆ ಎಂದು ದಿನವೂ ಅಳೆಯಬೇಕು. ಯಂತ್ರ ಎದೆಗೆ ಗಾಳಿ ತುಂಬಿದ ಕೂಡಲೇ ಒಂದು ಗುಂಡಿ ಒತ್ತಿ ಹಿಡಿಯುತ್ತೇನೆ. ಆಗ ಗಾಳಿ ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಎಲ್ಲ ನಿಂತ ಆ ಎರಡು ಸೆಕೆಂಡಿನಲ್ಲಿ ಒಳಗಿನ ಒತ್ತಡ ಪರದೆಯ ಮೇಲೆ ಮೂಡುತ್ತದೆ. ಅದರಿಂದ ಹಿಗ್ಗುವಿಕೆಯ ಅಳತೆ ಲೆಕ್ಕ ಹಾಕುತ್ತೇನೆ; ಅದು ಹೆಚ್ಚಿದ್ದಷ್ಟೂ ಒಳ್ಳೆಯದು. ಒಳ್ಳೆಯ ಶ್ವಾಸಕೋಶ ಸ್ವಲ್ಪ ಒತ್ತಡಕ್ಕೇ ಅರಳುತ್ತದೆ. ಕೆಟ್ಟದ್ದು ಒದ್ದೆ ಗೋಣಿಚೀಲದಂತೆ ಬಿಗಿದುಕೊಳ್ಳುತ್ತದೆ.

ಒಂದು ಮಳೆಗಾಲದಲ್ಲಿ ಹರಿಹರದಿಂದ ಒಬ್ಬ ಅಜ್ಜಿಯನ್ನು ಕರೆತಂದರು. ವಯಸ್ಸಿನಲ್ಲಿದ್ದಾಗಿನಿಂದ ಮಂಡಕ್ಕಿ ಹುರಿಯುವ ಭಟ್ಟಿಯ ಹೊಗೆಯಲ್ಲಿ ದುಡಿದವರು, ಈಗ ನ್ಯುಮೋನಿಯಾ. ಅವರಿಗೆ ಸಿಕ್ಕಿದ್ದು ಕೊನೆಯ ಹಾಸಿಗೆ, ಎಡಕ್ಕೆ ಗೋಡೆ. ಮೊದಲ ದಿನದ ಅಳತೆ ಹದಿನೆಂಟು. ಐವತ್ತರ ಆಸುಪಾಸು ಇದ್ದರೆ ನಮಗೆ ನೆಮ್ಮದಿ.

ಸಂಜೆ ನಾನು ಅಳೆಯುವಾಗಲೇ ನೋಡಲು ಬಂದ ಮಗಳು ಗಾಬರಿಯಾದರು. "ಯಾಕ್ರಿ ಸರ್, ನಮ್ಮವ್ವನ ಎದಿ ನಿಂತೇಬಿಡ್ತಲ್ಲ?"

"ಅಳತೆಗೆ ನಾನೇ ನಿಲ್ಸಿದ್ದು ಅಕ್ಕಾ. ನೋಡ್ರಿ, ಉಸಿರು ಬಂತು."

"ಆಕಿಗೆ ಗೊತ್ತಾಗ್ತೈತೇನ್ರಿ?"

"ಇಲ್ರಿ. ಔಷಧದ ನಿದ್ದೆ ಐತೆ. ಏನೂ ಗೊತ್ತಾಗಲ್ಲ."

ಒಂಬತ್ತನೆಯ ದಿನ ಅಳತೆ ಮೂವತ್ತು ದಾಟಿತು. ಇನ್ನೊಂದು ವಾರಕ್ಕೆ ಗಂಟಲಿನ ಕೊಳವೆ ತೆಗೆದು ಅಜ್ಜಿಯನ್ನು ವಾರ್ಡಿಗೆ ಕಳಿಸಿದರು. ಮರುದಿನ ಮಧ್ಯಾಹ್ನ ನೋಡಲು ಹೋದೆ. ನಾನು ಮಾತಾಡಿಸಿದ್ದೇ ತಡ, ನನ್ನ ಮಣಿಕಟ್ಟು ಹಿಡಿದುಕೊಂಡರು.

"ದಿನಾ ನನ್ನ ಉಸಿರು ಹಿಡೀತಿದ್ದೋನು ನೀನೇ ಅಲ್ಲೇನು ತಮ್ಮಾ?" ಕೊಳವೆಯಿಂದಾಗಿ ದನಿ ಇನ್ನೂ ಗೊಗ್ಗರಾಗಿತ್ತು.

"ಹೌದಮ್ಮಾ. ನಿಮಗ್ ಹೆಂಗೆ ಗೊತ್ತಾತು?"

"ಎಲ್ಲಾ ಕೇಳ್ತಿತ್ತು. ಒಂದು ಹೇಳು. ನೀನು ಉಸಿರು ಹಿಡಿದಾಗ ಈ ಕಡೆ ಒಬ್ರು ಉಸಿರಾಡ್ತಿದ್ರಲ್ಲ, ಅವ್ರು ಯಾರು?" ಎನ್ನುತ್ತಾ ಎಡಗೈ ಎತ್ತಿ ತೋರಿಸಿದರು.

"ಮಷಿನ್ ಸದ್ದಿರ್ಬೇಕಮ್ಮಾ."

"ಮಷಿನ್ ಸದ್ದು ನಂಗ್ ಗೊತ್ತಿಲ್ಲೇನು? ಅದು ನಿಂತ ಮ್ಯಾಲೇ ಇದು ಸುರುವಾಗ್ತಿತ್ತು. ನಿಧಾನಕ್ಕೆ, ಎಷ್ಟು ಆರಾಮಾಗಿ ಎಳಕೊಳ್ತಿದ್ರು ಅಂತೀಯ! ನಂಗೆ ಹೊಟ್ಟೆಕಿಚ್ಚಾಗ್ತಿತ್ತು."

ಆ ಹಾಸಿಗೆಯ ಎಡಕ್ಕಿದ್ದದ್ದು ಗೋಡೆ ಮಾತ್ರ. ವೈದ್ಯರಿಗೆ ಹೇಳಿದೆ. ಆ ಔಷಧಗಳಲ್ಲಿ ಮನಸ್ಸು ಏನೇನೋ ಕೇಳಿಸಿಕೊಳ್ಳುತ್ತದೆ ಎಂದರು. ಒಪ್ಪಿದೆ.

ಆದರೂ ಮರುದಿನ, ಅದೇ ಹಾಸಿಗೆಗೆ ಬಂದಿದ್ದ ಹೊಸ ರೋಗಿಯನ್ನು ಅಳೆಯುವಾಗ, ಹಾಸಿಗೆಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಹೋಗಿ ನಿಂತೆ. ಗುಂಡಿ ಒತ್ತಿದೆ. ರೋಗಿಯ ಎದೆ ಉಬ್ಬಿ ನಿಂತಿತು. ನಾನೂ ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಏನೂ ಕೇಳಲಿಲ್ಲ. ಆದರೆ ಕುತ್ತಿಗೆಯ ಹಿಂದೆ, ಗೋಡೆಯಿರುವ ಕಡೆಯಿಂದ, ಬೆಚ್ಚಗೆ ಏನೋ ಸೋಕಿದಂತಾಯಿತು. ಅಲಾರಂ ಕೂಗಿಕೊಂಡಾಗಲೇ ನನ್ನ ಬೆರಳು ಇನ್ನೂ ಗುಂಡಿಯ ಮೇಲಿರುವುದು ತಿಳಿದದ್ದು. ಪುಣ್ಯಕ್ಕೆ ರೋಗಿಗೆ ಏನೂ ಆಗಲಿಲ್ಲ. ಇದನ್ನು ಮಾತ್ರ ವೈದ್ಯರಿಗೆ ಹೇಳಲಿಲ್ಲ.

ಅಜ್ಜಿ ಗುಣವಾಗಿ ಹರಿಹರಕ್ಕೆ ಮರಳಿದರು. ತಪಾಸಣೆಗೆ ಬಂದಾಗ ಮಗಳ ಕೈ ಹಿಡಿದು, ನಡುವೆ ಒಂದೇ ಸಲ ನಿಂತು, ಮೆಟ್ಟಿಲು ಹತ್ತಿದರು.

ಈಗ ಅಳೆಯುವ ಮುಂಚೆ, ಎಷ್ಟೇ ಗಾಢ ನಿದ್ದೆಯಲ್ಲಿರಲಿ, ರೋಗಿಯ ಕಿವಿಯ ಬಳಿ ಬಗ್ಗಿ ಹೇಳುತ್ತೇನೆ: "ಎರಡೇ ಸೆಕೆಂಡು ಹಿಡೀತೀನ್ರಿ. ನಾನು ಇಲ್ಲೇ ಅದೀನಿ, ಹೆದರಬ್ಯಾಡ್ರಿ." ನರ್ಸುಗಳು ನಗುತ್ತಾರೆ. ನಗಲಿ.