ಕುಂಕುಮ ಇಟ್ಟ ನೀಲಗಿರಿ

ಹೆಂಗಸರ ಸೀಟೆಂದು ನಾನು ನಮ್ಮೂರ ಗ್ರಾಮ ಅರಣ್ಯ ಸಮಿತಿಗೆ ಅಧ್ಯಕ್ಷೆಯಾದ ಮೊದಲ ವರ್ಷ. ಬೆಳಿಗ್ಗೆ ಮೊರದಲ್ಲಿ ರಾಗಿ ಕೇರುತ್ತಿದ್ದೆ. ಫಾರೆಸ್ಟ್ ಗಾರ್ಡ್ ರಂಗಪ್ಪ ಬಾಗಿಲಿಗೆ ಬಂದು ನಿಂತ.

“ಅಮ್ಮಾವ್ರೇ, ಪೇಂಟ್ ಮುಗುದೋಯ್ತು. ಮಧುಗಿರಿಯಿಂದ ತರೋ ಹೊತ್ಗೆ ಮರ ಕೊಯ್ಯೋರು ಬಂದ್ಬುಡ್ತಾರೆ.”

ಊರ ಹಿಂದಿನ ಗುಡ್ಡದಲ್ಲಿ ಇಲಾಖೆಯ ನೀಲಗಿರಿ ತೋಪಿದೆ. ಬಲಿತ ನೀಲಗಿರಿ ಕೊಯ್ದು ಮಾರಬೇಕು. ನಡುವೆ ತಾವಾಗಿ ಬೆಳೆದ ಹೊಂಗೆ, ಬೇವು, ಇಪ್ಪೆಯನ್ನು ಮುಟ್ಟಬಾರದು. ಅದಕ್ಕೇ ಮಾರ್ಕಿಂಗ್, ಅಂದರೆ ಕೊಯ್ಯುವ ಮರಕ್ಕೆ ಕೆಂಪು ಗುರುತು. ಬೇಸಿಗೆಯಲ್ಲಿ ಊರ ದನಕುರಿಗಳಿಗೆ ನೆರಳೆಂದರೆ ಆ ಹೊಂಗೆಗಳೇ.

“ಕೆಂಪಗಿದ್ರೆ ಸಾಲ್ದಾ?” ಎಂದು ದೇವರ ಮನೆಯ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿಕೊಟ್ಟೆ. ರಂಗಪ್ಪ ಕಣ್ಣಿಗೊತ್ತಿಕೊಂಡು ಹೋದ.

ಗುರುತು ಹಾಕಿ ಮುಗಿಸಿದವನು ಸ್ವಲ್ಪ ಹೊತ್ತಿಗೆ ಓಡಿ ಬಂದ. “ಹೊಂಗೆಗೆ ಗರಗಸ ಇಕ್ತಾವ್ರೆ ಕಣಮ್ಮ!”

ಬಿದ್ದೆನೋ ಎದ್ದೆನೋ ಎಂದು ಓಡಿದೆ. ಪಾವಗಡ ಕಡೆಯ ತೆಲುಗು ಮನೆಮಾತಿನ ಮೇಸ್ತ್ರಿ ಓಬಳೇಶ ಚಪ್ಪಲಿ ಕಳಚಿಟ್ಟು, ಹೊಂಗೆ ಬುಡಕ್ಕೆ ಮೋಟಾರ್ ಗರಗಸ ಹಿಡಿದಿದ್ದ. ದೇವರು ದೊಡ್ಡವನು, ತೊಗಟೆ ಮಾತ್ರ ತರಚಿತ್ತು.

“ನಿಲ್ಸಪ್ಪಾ! ಕುಂಕುಮ ಇಟ್ಟಿರೋದ್ನ ಕೊಯ್ಯಿ!”

“ಅಯ್ಯೋ ತಲ್ಲೀ! ಕುಂಕುಮ ಇಟ್ಮೇಲೆ ಅದು ಅಮ್ಮೋರು. ಅದನ್ನ ಕೊಯ್ದು ನಾನು ಮನೆ ಸೇರ್ಬೇಕಲ್ಲಮ್ಮಾ? ಇಟ್ಟಿಲ್ಲದ್ದು ಕೊಯ್ತೀವಿ. ಬ್ಯಾಡಾಂದ್ರೆ ಲಾರಿ ಶಿರಾದ ಬೇರೆ ಕೆಲ್ಸಕ್ಕೆ ಹೋಗ್ತದೆ.”

ರಂಗಪ್ಪ ಕಾನೂನು ಹೇಳಿದ.

“ನನ್ ಮಕ್ಳಿಗೆ ಜ್ವರ ಬಂದ್ರೆ ನಿಮ್ ಕಾನೂನು ಬಂದು ಕಷಾಯ ಕಾಯಿಸ್ತದಾ ಸಾರ್?” ಎಂದ ಓಬಳೇಶ.

ಅವನ ಭಯ ನನಗೆ ತಪ್ಪೆನಿಸಲಿಲ್ಲ. “ನಿಮ್ಮನೇಲಿ ಗೌರಿ ಕೂರ್ಸಲ್ವೇನಪ್ಪಾ? ಪೂಜೆ ಮುಗುದ್ಮೇಲೆ ಕಳಸ ಕದಲಿಸಿದ್ರೆ ಆಮೇಲೆ ಅದು ಬರೀ ಚೊಂಬು. ಇಲ್ಲೂ ಅಂಗೇ” ಎಂದು ಕೈಮುಗಿದು, ಪಕ್ಕದಲ್ಲೇ ಇದ್ದ ಕುಂಕುಮದ ನೀಲಗಿರಿಯೊಂದನ್ನು ಎರಡೂ ಕೈಯಲ್ಲಿ ತಳ್ಳಿದೆ. “ಎದ್ದು ಬಾ ತಾಯಿ, ಇನ್ಮೇಲೆ ಹೊಂಗೇಲಿರು.”

ಮರ ಅಲುಗಲಿಲ್ಲ. ರಂಗಪ್ಪ ಯೂನಿಫಾರ್ಮಿನಲ್ಲೇ ಭುಜ ಕೊಟ್ಟ. ಅಷ್ಟರಲ್ಲಿ, ಪುಣ್ಯಕ್ಕೆ, ಗಾಳಿ ಬೀಸಿ ಎಲೆಗಳು ಅಲ್ಲಾಡಿದವು.

“ಕದಲ್ತು ಕಣಮ್ಮ!” ಕೂಗಿದವನು ಓಬಳೇಶನೇ.

ರಂಗಪ್ಪ ಬೆವರು ಒರೆಸಿಕೊಂಡು ಉಳಿದ ತೋಪನ್ನು ನೋಡಿದ. “ಎಲ್ಲಾ ಮರಾನೂ ಹಿಂಗೇ ತಳ್ಬೇಕಾ?”

“ಅಮ್ಮೋರು ಒಬ್ಳೇ ಕಣಪ್ಪ. ಒಂದು ಸಲ ಸಾಕು” ಎಂದೆ.

ಉಳಿದ ಕುಂಕುಮವನ್ನು ಹೊಂಗೆ, ಬೇವು, ಇಪ್ಪೆಗಳಿಗೆ ಹಚ್ಚಿದೆವು. ಸಂಜೆಗೆ ನೀಲಗಿರಿ ಲಾರಿ ಏರಿತು, ಹೊಂಗೆಗಳು ನಿಂತಲ್ಲೇ ನಿಂತವು. ಕೊಯ್ಯುವ ಮರಕ್ಕಲ್ಲ, ಉಳಿಸುವ ಮರಕ್ಕೆ ಗುರುತು ಹಾಕಬೇಕೆಂದು ಆ ಕೆಲಸ ನನಗೆ ಕಲಿಸಿತು. ನಮ್ಮ ಸಮಿತಿಯಲ್ಲಿ ಈಗಲೂ ಅದೇ ಕ್ರಮ.

ಮನೆಗೆ ಬಂದರೆ, ಸಂಜೆ ಅರ್ಧ ಗಂಟೆಯಷ್ಟೇ ಬಿಡುವ ನಲ್ಲಿ ನೀರು ಇನ್ನೂ ಬರುತ್ತಿತ್ತು. ಅದೂ ಅಮ್ಮೋರ ದಯೆಯೇ ಎಂದುಕೊಂಡು ಬಿಂದಿಗೆ ತೊಳೆದು ಹಿಡಿದೆ.