ಉಗುರು ತೆಗೆಸಿಕೊಂಡ ಕರಡಿ

ನನ್ನ ಜೀವನದಲ್ಲಿ ನಾನು ಎರಡು ಸಿನಿಮಾ ಮಾಡಿದ್ದೇನೆ. ಎರಡೂ ಕಾಗದದವು. ಮೊದಲನೆಯದು ಖಾನಾಪುರದ ನಮ್ಮ ಶಾಲೆಯಲ್ಲಿ ಭರ್ಜರಿ ಓಡಿತು, ಎರಡನೆಯದು ಮಕಾಡೆ ಬಿತ್ತು. ಹಾಗೆ ಬಿದ್ದದ್ದೇ ನನ್ನ ಪುಣ್ಯ ಎಂದು ಈಗಲೂ ಅನ್ನಿಸುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬೆಳಗಾವಿಯ ಶಹಾಪುರದ ನೇಕಾರರ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ದಿನಾ ಬೆಳಿಗ್ಗೆ ರೈಲು ಹತ್ತಿ ಖಾನಾಪುರಕ್ಕೆ ಹೋಗಿ ಮೂರನೇ ಇಯತ್ತೆಯ ಮಕ್ಕಳಿಗೆ ಕಲಿಸುತ್ತಿದ್ದೆ. ಮನೆಯಲ್ಲಿ ಗಂಡ ಮಗ್ಗದಲ್ಲಿ, ಅತ್ತೆ ರಾಟಿಯ ಮುಂದೆ. ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವುದು ಅತ್ತೆಯ ಕೆಲಸ, ಸುತ್ತುತ್ತ ಕತೆ ಹೇಳುವುದು ಅವರ ಚಟ. ಕಂಡಿಕೆ ತುಂಬಿತೋ, ಕತೆ ಅಲ್ಲಿಗೇ ನಿಂತಿತು. ರಾಜ ಕತ್ತಿ ಎತ್ತಿ ನಿಂತಿದ್ದರೂ ಸೈ, ಹೊಸ ಕಂಡಿಕೆ ಹಾಕುವವರೆಗೆ ಅವನು ಹಾಗೇ ನಿಂತಿರಬೇಕು. ನಡುವೆ ಎಳೆ ಹರಿದರೆ ಗಂಟು ಹಾಕಿ, ಹಿಂದಿನ ಮಾತನ್ನು ಇನ್ನೊಮ್ಮೆ ಹೇಳಿ ಮುಂದೆ ಸಾಗುತ್ತಿದ್ದರು.

ಅವುಗಳಲ್ಲಿ ಒಂದು ಕರಡಿ ಮರಿಯ ಕತೆ. ಖಾನಾಪುರದ ಅಡವಿಯ ಮರಿ ಗೂಡ್ಸ್ ಗಾಡಿ ಹತ್ತಿ ಶಹಾಪುರಕ್ಕೆ ಬಂದು, ನೇಕಾರರ ಮನೆ ಹೊಕ್ಕು, ನೂಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೈಗೆ ಸುತ್ತಿದ ಎಳೆಯ ಸಮೇತ ಸ್ಟೇಷನ್ನಿಗೆ ಓಡುತ್ತದೆ. ಗಾಡಿ ಸೀಟಿ ಹೊಡೆಯುತ್ತದೆ. ಅಲ್ಲಿಗೆ ಕಂಡಿಕೆ ತುಂಬಿತ್ತು. ನಾನು ಅದನ್ನೇ ಹಾಳೆಗಳ ಮೇಲೆ ಚಿತ್ರವಾಗಿ ಬಿಡಿಸಿದೆ. ಅತ್ತೆ ಹಾಳೆಗಳನ್ನು ನೂಲಿನಿಂದ ಉದ್ದಕ್ಕೆ ಹೊಲಿದುಕೊಟ್ಟರು. ಕಟ್ಟಿಗೆಯ ಪೆಟ್ಟಿಗೆಗೆ ಕಿಟಕಿ ಕೊರೆದು, ಒಳಗೆ ಎರಡು ಕೋಲು ಸಿಕ್ಕಿಸಿ, ಸುರುಳಿಯನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸಿದರೆ ಅದೇ ಸಿನಿಮಾ.

ಸಂಕ್ರಮಣ ಮುಗಿದ ವಾರ ಶಾಲೆಯಲ್ಲಿ ತೋರಿಸಿದೆ. ಮಕ್ಕಳು ಬೆಂಚು ಮುರಿಯುವುದೊಂದು ಬಾಕಿ. ಹೆಡ್ ಮಾಸ್ತರರು ಬಂದು, "ಬಾಯಿಯವರ, ಕತಿ ಭಾರೀ ಐತ್ರಿ! ನೀವ ಕಟ್ಟಿದ್ದೇನ್ರಿ?" ಎಂದರು.

"ಹೌದ್ರಿ ಸರ್" ಎಂದೆ.

ಒಂದೇ ಮಾತು. ಆಡಿದ ಮೇಲೆ ನುಂಗಲು ಬರಲಿಲ್ಲ. ಸಂಜೆ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಹುಡುಗೂರು ಏನಂದ್ರು, ತಂಗಿ?" ಮಕ್ಕಳು ಕುಣಿದರು ಎಂದು ಹೇಳಿದರೆ ಇವರು ಓಣಿಗೆಲ್ಲ ಸಾರಿ, ಒಂದು ದಿನ ಶಾಲೆಗೂ ಬಂದು, ನನ್ನ ಬಣ್ಣ ಬಯಲಾಗುತ್ತದೆ ಎಂಬ ಹೆದರಿಕೆ. "ನೋಡಿದ್ರು ಅತ್ತಿ" ಎಂದಷ್ಟೇ ಹೇಳಿ ಕಾಲು ತೊಳೆಯಲು ಬಚ್ಚಲಿಗೆ ಹೋದೆ. ನನ್ನಂಥ ಹೇಡಿ ಇನ್ನೊಬ್ಬಳಿರಲಿಕ್ಕಿಲ್ಲ.

ಅಂದಿನಿಂದ ರಾಟಿ ತಿರುಗಿತು, ಅತ್ತೆಯ ಬಾಯಿ ತಿರುಗಲಿಲ್ಲ. ತಮ್ಮ ಮಗ ಕೇಳಿದರೆ, "ವಯಸ್ಸಾತಪ್ಪ, ನೆನಪ ಉಳಿಯಂಗಿಲ್ಲ" ಎನ್ನುತ್ತಿದ್ದರು. ಕತೆಯಿಲ್ಲದೆ ಮಗ್ಗದ ಮೇಲೆ ತೂಕಡಿಕೆ ಬರುತ್ತದೆ ಎಂದು ನನ್ನ ಗಂಡ ಗೊಣಗಿದರು. ನಾನು ವಯಸ್ಸಿನ ಮಾತನ್ನೇ ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು.

ಇತ್ತ ಶಾಲೆಯಲ್ಲಿ ಒಂದೇ ಪ್ರಶ್ನೆ: ಕರಡಿ ಗಾಡಿ ಹತ್ತಿತೋ ಇಲ್ಲವೋ? ಅತ್ತೆಯನ್ನು ಕೇಳಲು ನನಗೆ ಮುಖವಿರಲಿಲ್ಲ. ಟ್ರೇನಿಂಗ್ ಮುಗಿಸಿದ ಮಾಸ್ತರಿಣಿ, ಒಂದು ಕರಡಿಯನ್ನು ರೈಲು ಹತ್ತಿಸಲಾರೆನೇ ಎಂಬ ಸೊಕ್ಕು ಬೇರೆ. ಬೇಸಿಗೆ ರಜೆಯಲ್ಲಿ ಎರಡನೇ ಭಾಗ ಮಾಡಿದೆ. ನನ್ನ ಕರಡಿ ರೈಲು ಹತ್ತಲೇ ಇಲ್ಲ, ಶಾಲೆಗೆ ಸೇರಿತು. ಉಗುರು ತೆಗೆಸಿಕೊಂಡಿತು, ತಲೆ ಬಾಚಿಕೊಂಡಿತು, ಮಗ್ಗಿ ಬಾಯಿಪಾಠ ಮಾಡಿತು, ಕೊನೆಗೆ ಬಹುಮಾನ ತೆಗೆದುಕೊಂಡಿತು. ಹಾಳೆ ಹೊಲಿದುಕೊಡಿ ಎಂದೂ ಅತ್ತೆಯನ್ನು ಕೇಳಲಿಲ್ಲ. ನೂಲಿಗೆ ಬಿರುಸು ಬರಲೆಂದು ಹಚ್ಚುವ ಗಂಜಿ ಮನೆಯಲ್ಲಿತ್ತಲ್ಲ, ಅದರಲ್ಲೇ ಅಂಟಿಸಿದೆ. ಗಂಜಿಗೂ ಮಳೆಗೂ ಆಗಿಬರುವುದಿಲ್ಲ ಎಂದು ನೇಕಾರರ ಮನೆಯ ಕೂಸಿಗೂ ಗೊತ್ತು. ಎರಡು ವರ್ಷದ ಸೊಸೆಗೆ ಗೊತ್ತಿರಲಿಲ್ಲ.

ತೋರಿಸುವ ದಿನ ಅತ್ತೆ ಖಾನಾಪುರದ ತಮ್ಮ ತಂಗಿಯ ಮನೆಗೆ ಹೊರಟಿದ್ದರು. "ಅವ್ವನ್ನ ಸಾಲಿಗೂ ಕರ್ಕೊಂಡ ಹೋಗು, ನಿನ್ನ ಸಿನಿಮಾ ನೋಡ್ಲಿ" ಎಂದುಬಿಟ್ಟರು ಗಂಡ. ರೈಲಿನುದ್ದಕ್ಕೂ ನನ್ನ ನಾಲಿಗೆ ಒಣಗಿತ್ತು. ಹೊರಗೆ ಮಾತ್ರ ಮಳೆ ಜಡಿಯುತ್ತಿತ್ತು.

ಅತ್ತೆ ಕೊನೆಯ ಸಾಲಿನಲ್ಲಿ ಕೂತರು. ನಾನು ಕೋಲು ತಿರುಗಿಸತೊಡಗಿದೆ. ಮೊದಲು ಗದ್ದಲ ನಿಂತಿತು, ಆಮೇಲೆ ಆಕಳಿಕೆ ಶುರುವಾಯಿತು. ಉಗುರಿನ ಚಿತ್ರ ಬಂದಾಗ ಒಬ್ಬ ಹುಡುಗಿ ಎದ್ದು, "ಅಕ್ಕೋರ, ಉಗುರು ತಗದ್ರ ಕರಡಿ ಮರ ಹೆಂಗ ಹತ್ತತೈತ್ರಿ?" ಎಂದಳು. ನಾನು ಕೋಲನ್ನು ಇನ್ನೂ ಜೋರಾಗಿ ತಿರುಗಿಸಿದೆ. ಮಗ್ಗಿಯ ಚಿತ್ರದ ಹತ್ತಿರ ಸುರುಳಿ ನಿಂತೇಬಿಟ್ಟಿತು. ಥಂಡಿಗೆ ಗಂಜಿ ಮೆತ್ತಗಾಗಿ ಹಾಳೆಗಳು ಒಂದಕ್ಕೊಂದು ಮೆತ್ತಿಕೊಂಡಿದ್ದವು. ಜಗ್ಗಿದೆ, ಹರಿಯಿತು.

"ಇದ ಬ್ಯಾಡ್ರಿ ಅಕ್ಕೋರ, ಮೊದಲಿನದ ಹಚ್ರಿ!" ಎಂದು ಮಕ್ಕಳು ಕೂಗಿದರು. ಹಚ್ಚುವವರೆಗೂ ಕಾಯದೆ ತಾವೇ ಹೇಳತೊಡಗಿದರು: ಗೂಡ್ಸ್ ಗಾಡಿ, ನೂಲು, ಸೀಟಿ, ಒಂದು ಮಾತೂ ತಪ್ಪದಂತೆ. ಅತ್ತೆ ಎದ್ದು ನಿಂತಿದ್ದರು. ಬಾಜೂದಲ್ಲಿದ್ದ ಹೆಡ್ ಮಾಸ್ತರರನ್ನು, "ಇವಕ್ಕ ಈ ಕತಿ ಸೇರಿತ್ತೇನ್ರಿ?" ಎಂದು ಕೇಳಿದರು.

"ಸೇರಿತ್ತೇನ್ರಿ ಅಂತೀರಲ್ಲ! ಆರ ತಿಂಗಳಾತು, ಬಿಟ್ಟಿಲ್ಲ. ನಿಮ್ಮ ಸೊಸಿ ಭಾರೀ ಕಟ್ಟ್ಯಾರ."

ಗಂಜಿಯ ಮೇಲೆ ತಪ್ಪು ಹಾಕಿ ಪಾರಾಗಬಹುದಿತ್ತು. ಆದರೆ ಅತ್ತೆಯ ಮುಖ ನೋಡಿದ ಮೇಲೆ ಆಗಲಿಲ್ಲ. "ಸರ್, ಆ ಕತಿ ನಂದಲ್ರಿ. ನಮ್ಮ ಅತ್ತ್ಯಾರದು. ನಾ ಸುಳ್ಳ ಹೇಳಿದ್ದೆ" ಎಂದೆ. ಹೇಳಿದ ಕೂಡಲೇ, ಹಬ್ಬಕ್ಕೆ ತೊಟ್ಟ ಬಿಗಿ ಬಳೆ ತೆಗೆದಂತೆ, ಹಾಯೆನಿಸಿತು.

ಮಕ್ಕಳಿಗೆ ಯಾರ ಕತೆಯಾದರೇನು, ಮುಂದಿನದು ಬೇಕು. ಅತ್ತೆಯ ಸೆರಗು ಹಿಡಿದು ಮುಂದೆ ಎಳೆದು ತಂದರು. ಚಿತ್ರವಿಲ್ಲ, ಪೆಟ್ಟಿಗೆಯಿಲ್ಲ. ಅರ್ಧ ಕನ್ನಡ, ಅರ್ಧ ಪೇಟೆಯ ಮರಾಠಿಯಲ್ಲಿ ಅತ್ತೆ ಹೇಳತೊಡಗಿದರು. ಕರಡಿ ಗಾಡಿ ಹತ್ತಿತು. ಎಳೆಯ ಒಂದು ತುದಿ ಶಹಾಪುರದ ಮಗ್ಗದಲ್ಲೇ ಉಳಿದಿತ್ತು. ಅಡವಿಯಲ್ಲಿ ಕರಡಿಗೆ ಬೇಸರವಾದಾಗಲೆಲ್ಲ ಎಳೆ ಜಗ್ಗುತ್ತದೆ, ಇಲ್ಲಿ ಮಗ್ಗ ಸದ್ದು ಮಾಡುತ್ತದೆ. ಮಕ್ಕಳು ಮನೆಗೆ ಹೋಗುವುದನ್ನೂ ಮರೆತರು.

ತಿರುಗಿ ಬರುವಾಗ ರೈಲಿನಲ್ಲಿ ಅತ್ತೆ ಕಿಟಕಿಯ ಕಡೆ ನೋಡುತ್ತ ಹೇಳಿದರು. "ಹುಡುಗೂರಿಗೆ ಸೇರಲಿಲ್ಲ ಅಂತ ತಿಳಕೊಂಡಿದ್ದೆ. ಮುದುಕಿ ಕತಿ ಯಾರಿಗೆ ಬೇಕು ಅಂತ ಬಿಟ್ಟಬಿಟ್ಟೆ."

ವಯಸ್ಸಲ್ಲ. ಅವರ ಬಾಯಿ ಕಟ್ಟಿದ್ದು ನಾನು. "ತಪ್ಪಾತ್ರಿ ಅತ್ತಿ" ಎಂದು ಅಳತೊಡಗಿದೆ.

"ತಪ್ಪ ಖರೆ" ಎಂದರು. ದೇಸೂರ ಸ್ಟೇಷನ್ ದಾಟಿದ ಮೇಲೆ, "ಅಲ್ಲ ತಂಗಿ, ಆ ಹುಡುಗಿ ಕೇಳಿದ್ದ ಖರೆ ಐತಿ. ಉಗುರು ಯಾಕ ತಗಿಸಿದಿ ಅದರದು?" ಎಂದರು. ಅಳುತ್ತಲೇ ನಕ್ಕೆ. ಅವರೂ ನಕ್ಕರು.

ಮರುದಿನ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಚಪ್ಪಲಿ ಮೆಟ್ಟುತ್ತಿದ್ದೆ. ಒಳಗಿನಿಂದ ರಾಟಿಯ ಸದ್ದಿನ ಜೊತೆ ದನಿ ಬಂತು: "ಒಂದ ದಿನ ಏನಾತಂದ್ರ, ಕರಡಿ ಎಳಿ ಜಗ್ಗಿತು, ಈ ಕಡೆ ಯಾರೂ ಓ ಅನ್ನಲಿಲ್ಲ…" ಗಂಡ ಮಗ್ಗ ನಿಲ್ಲಿಸಿ ಕೇಳುತ್ತಿದ್ದರು. ಅಷ್ಟರಲ್ಲಿ ಕಂಡಿಕೆ ತುಂಬಿತು, ಕತೆ ನಿಂತಿತು. ನನ್ನ ರೈಲಿಗೆ ಹೊತ್ತಾಗಿತ್ತು.

"ಇನ್ನೊಂದ ಕಂಡಿಕಿ ಹಾಕ್ರಿ ಅತ್ತಿ" ಎಂದು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ.