ಬದುಕಿದ್ದವರಿಗೆ ಹಾಕಿದ ಹಾರ

ಗೋವಿಂದರಾಜನಗರದ ನನ್ನ ಫೋಟೊ ಫ್ರೇಮ್ ಅಂಗಡಿಯಲ್ಲಿ, ಗಾಜು ಕತ್ತರಿಸುವ ಮೇಜಿನ ಹಿಂದೆ ನಿಂತಿದ್ದೆ. ಶುಕ್ರವಾರ, ಬೆಳಗ್ಗೆ ಹನ್ನೊಂದು ದಾಟಿ ಹತ್ತು ನಿಮಿಷ. ಒಬ್ಬ ಯುವಕ ತನ್ನ ಫ್ರೇಮ್ ಒಯ್ಯಲು ಬಂದ.

ಆಫ್ರಿಕಾದವನು. ಕೆಂಗೇರಿಯಲ್ಲಿ ಓದುತ್ತ, ನಾಲ್ಕು ವರ್ಷದಲ್ಲಿ ಕನ್ನಡ ಕಲಿತಿದ್ದ. ಮೂರು ದಿನ ಮೊದಲು ಅವನು ಕೊಟ್ಟುಹೋದ ಫೋಟೊದಲ್ಲಿ ಅವನ ದೇಶದ ಅಧ್ಯಕ್ಷರು ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿಯ ಹಿಂದೆ ನಿಂತಿದ್ದವರು ಅವನ ತಂದೆ, ಅಧ್ಯಕ್ಷರ ಕಾರಿನ ಚಾಲಕ.

"ಇಬ್ರನ್ನೂ ಮಿಲಿಟ್ರಿಯವರು ಎತ್ಕೊಂಡು ಹೋದ್ರು ಅಣ್ಣ," ಎಂದಷ್ಟೇ ಹೇಳಿದ್ದ. ಜನ ಆರಿಸಿದ್ದ ಆ ಅಧ್ಯಕ್ಷರನ್ನು ಸೈನ್ಯ ಕೆಳಗಿಳಿಸಿದ್ದನ್ನು ನಾನೂ ಟಿವಿಯಲ್ಲಿ ನೋಡಿದ್ದೆ. ಆಮೇಲೇನಾಯಿತೆಂದು ಅವನನ್ನು ಕೇಳಲಿಲ್ಲ.

ನನ್ನಲ್ಲಿಗೆ ಬರುವ ಹಿರಿಯರ ಫೋಟೊಗಳು ಹೆಚ್ಚಾಗಿ ತೀರಿಕೊಂಡವರವು. ಗಾಜಿನ ಮೇಲೆ ಹಣೆಯ ಜಾಗಕ್ಕೆ ಕುಂಕುಮವಿಟ್ಟು, ಗಂಧದ ಹಾರ ಹಾಕಿ ಕೊಡುತ್ತೇನೆ. ಇದಕ್ಕೂ ಹಾಗೆಯೇ ಮಾಡಿದ್ದೆ. ಫ್ರೇಮನ್ನು ಅವನ ಕೈಗಿತ್ತೆ.

ಅಂಗಡಿಯ ಮೆಟ್ಟಿಲ ಬಳಿ ಹೂ ಮಾರುವ ಅಕ್ಕ ತಲೆಯೆತ್ತಿ ನೋಡಿದರು. "ಇದಕ್ಕೂ ಬಾಡದ ಹಾರಾನಾ? ನನ್ನ ವ್ಯಾಪಾರ ಮುಳುಗಿಸೋಕೇ ಕೂತಿದೀರ ಬಿಡಿ ಅಣ್ಣ."

ಯುವಕ ನಗುತ್ತಲೇ ಕೇಳಿದ, "ಹಾರ ಯಾಕಕ್ಕ?"

"ತೀರ್ಕೊಂಡೋರಿಗೆ ಹಾಕ್ತೀವಪ್ಪ."

ಅವನ ನಗು ನಿಂತಿತು. ಫ್ರೇಮನ್ನು ಮೇಜಿನ ಮೇಲೆ ಮಲಗಿಸಿ, ಎರಡೂ ಕೈಯಿಂದ ಹಾರ ತೆಗೆದ. "ಅಪ್ಪ ಜೈಲಲ್ಲಿದಾರೆ. ಸತ್ತರು ಅಂತ ಮಿಲಿಟ್ರಿಯವರೂ ಹೇಳಿಲ್ಲ ಅಣ್ಣ. ನೀವು ಹೇಳಿದ್ರಿ."

ತಪ್ಪಾಯಿತೆಂದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಕುಂಕುಮ ಅವನ ತಂದೆಯ ಮುಖದ ತುಂಬ ಹರಡಿತು. ಮತ್ತೆರಡು ಸಲ ಒರೆಸಿದೆ. ಅಷ್ಟು ಹೊತ್ತೂ ಅವನು ರಸ್ತೆಯ ಕಡೆ ತಿರುಗಿ ನಿಂತಿದ್ದ.

ಎರಡು ತಿಂಗಳ ನಂತರ ಬಂದು, ಫೋನ್ ನನ್ನ ಮುಂದೆ ಹಿಡಿದ. ಸೈನ್ಯ ಬಿಡುಗಡೆ ಮಾಡಿದ್ದ ವಿಡಿಯೊ. ಸೊರಗಿದ ಅಧ್ಯಕ್ಷರು ಒಂದು ಕುರ್ಚಿಯಲ್ಲಿ ಕೂತು ಕಾಗದ ನೋಡಿ ಓದುತ್ತಿದ್ದರು. ಕುರ್ಚಿಯ ಹಿಂದೆ ಬರೀ ಗೋಡೆ. ನಾನೂ ಹೂವಿನ ಅಕ್ಕನೂ ಅದನ್ನು ಮೂರು ಸಲ ನೋಡಿದೆವು. "ಬೇರೆ ರೂಮಲ್ಲಿ ಇಟ್ಟಿರ್ತಾರೆ ಮಗಾ," ಎಂದರು ಅಕ್ಕ. ಅವನು ಹೌದೆಂಬಂತೆ ತಲೆಯಾಡಿಸಿದ.

ಆ ಹಾರವನ್ನು ನಾನು ಇನ್ನಾರಿಗೂ ಹಾಕಿಲ್ಲ. ಮೇಜಿನ ಡ್ರಾಯರಿನಲ್ಲಿದೆ.

ಅಂದು ಅದನ್ನು ಕಂಡವರಲ್ಲಿ ಹೂವಿನ ಅಕ್ಕ ಇದ್ದಾರೆ, ಈಗ ಸುಂಕದಕಟ್ಟೆಯ ಮಗಳ ಮನೆಯಲ್ಲಿ. ಯುವಕ ಇದ್ದಾನೆ, ಕೆಂಗೇರಿಯಲ್ಲೇ. ನಾನಿದ್ದೇನೆ. ಅವನ ತಂದೆಯ ಬಗ್ಗೆ ಇನ್ನೂ ಯಾರೂ ಏನೂ ಹೇಳಿಲ್ಲ.